ಭಾಗಿಸಿದರೆ ರೋಧ, ಗುಣಿಸಿದರೆ ಸಾಮರ್ಥ್ಯ

ಪ್ರೌಢಶಾಲೆಯ ವಿಜ್ಞಾನದಲ್ಲಿ ವಿದ್ಯುಚ್ಛಕ್ತಿಯ ಪಾಠವನ್ನು ಓದಿದವರಿಗೆ ಎರಡು ಸೂತ್ರಗಳು ಇಂದಿಗೂ ನೆನಪಿರಬಹುದು. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಸಾಮರ್ಥ್ಯ, ಅಂದರೆ ಸೆಕೆಂಡಿಗೆ ಹುಟ್ಟುವ ಬಿಸಿ, ಸಿಗುತ್ತದೆ ಎನ್ನುತ್ತದೆ ಮೊದಲನೆಯದು. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ಅದೇ ಸಾಮರ್ಥ್ಯ ಸಿಗುತ್ತದೆ ಎನ್ನುತ್ತದೆ ಎರಡನೆಯದು. ಮೊದಲನೆಯದನ್ನು ನಂಬಿದರೆ ರೋಧ ಹೆಚ್ಚಿದಷ್ಟೂ ಬಿಸಿ ಹೆಚ್ಚಬೇಕು, ಎರಡನೆಯದನ್ನು ನಂಬಿದರೆ ರೋಧ ಹೆಚ್ಚಿದಷ್ಟೂ ಬಿಸಿ ತಗ್ಗಬೇಕು. ಎರಡೂ ಸೂತ್ರಗಳು ಒಂದೇ ಪುಟದಲ್ಲಿ ಅಕ್ಕಪಕ್ಕ ಕುಳಿತಿರುತ್ತವೆ, ಪರೀಕ್ಷೆಗೆ ಎರಡನ್ನೂ ಬಾಯಿಪಾಠ ಮಾಡಿಸುತ್ತಾರೆ, ಆದರೆ ಇವು ಒಂದಕ್ಕೊಂದು ಎದುರಾಡುತ್ತಿವೆಯಲ್ಲ ಎಂದು ಎದ್ದು ಕೇಳುವ ವಿದ್ಯಾರ್ಥಿ ಅಪರೂಪ. ಕೇಳಿದವನಿಗೆ ಸರಿಯಾದ ಉತ್ತರ ಸಿಗುವುದು ಇನ್ನೂ ಅಪರೂಪ. ವೋಲ್ಟೇಜು ಮತ್ತು ಪ್ರವಾಹಗಳಿಂದ ರೋಧವನ್ನೂ ಸಾಮರ್ಥ್ಯವನ್ನೂ ಲೆಕ್ಕ ಹಾಕುವುದು ಒಂದು ಭಾಗಾಕಾರ, ಒಂದು ಗುಣಾಕಾರದ ಕೆಲಸವಷ್ಟೆ. ಆ ಲೆಕ್ಕ ಏನು ಹೇಳುತ್ತಿದೆ ಎಂಬುದನ್ನು ತಿಳಿಯಲು ಮಾತ್ರ, ನಮ್ಮ ಮುಂದಿರುವ ವಿದ್ಯುತ್ ಮಂಡಲದಲ್ಲಿ (ಸರ್ಕ್ಯೂಟಿನಲ್ಲಿ) ಯಾವುದು ಬದಲಾಗದೆ ನಿಂತಿದೆ ಎಂದು ಮೊದಲು ಕೇಳಿಕೊಳ್ಳಬೇಕು.

ಮೊದಲು ಪದಗಳ ವಿಷಯ. ನಾವು ದಿನನಿತ್ಯ ಆಡುವ ಮಾತಿನಲ್ಲಿ 'ಕರೆಂಟ್' ಎಂಬ ಒಂದೇ ಪದ ಎಲ್ಲವನ್ನೂ ಹೊರುತ್ತದೆ. ಕರೆಂಟ್ ಹೋಯಿತು ಎಂದರೆ ಪೂರೈಕೆ ನಿಂತಿತು ಎಂದರ್ಥ, ಕರೆಂಟ್ ಕಡಿಮೆ ಇದೆ ಎಂದರೆ ವೋಲ್ಟೇಜು ಕುಸಿದಿದೆ ಎಂದರ್ಥ, ಈ ತಿಂಗಳು ಕರೆಂಟ್ ಜಾಸ್ತಿ ಸುಟ್ಟಿದೆ ಎಂದರೆ ಬಿಲ್ಲಿನಲ್ಲಿ ಯೂನಿಟ್ಟುಗಳು ಏರಿವೆ ಎಂದರ್ಥ. ಲೆಕ್ಕಕ್ಕೆ ಕುಳಿತಾಗ ಈ ಉದಾರತೆಯನ್ನು ಬದಿಗಿಡಲೇಬೇಕು. ತಂತಿಯ ಒಂದು ಜಾಗವನ್ನು ಒಂದು ಸೆಕೆಂಡಿನಲ್ಲಿ ಎಷ್ಟು ವಿದ್ಯುದಂಶ (ಚಾರ್ಜ್) ದಾಟಿಹೋಗುತ್ತದೆ ಎಂಬುದೇ ಪ್ರವಾಹ. ವಿದ್ಯುದಂಶವನ್ನು ಕೂಲಂಬುಗಳಲ್ಲಿ ಅಳೆಯುತ್ತೇವೆ, ಸೆಕೆಂಡಿಗೆ ಒಂದು ಕೂಲಂಬ್ ದಾಟಿದರೆ ಅದು ಒಂದು ಆಂಪಿಯರ್. ವೋಲ್ಟೇಜು ಎಂದರೆ ಹಾಗೆ ಸಾಗುವ ಪ್ರತಿಯೊಂದು ಕೂಲಂಬೂ ಎಷ್ಟು ಶಕ್ತಿಯನ್ನು ಬಿಟ್ಟುಕೊಡುತ್ತದೆ ಎಂಬುದರ ಅಳತೆ. 230 ವೋಲ್ಟ್ ಎಂದರೆ ಒಂದೊಂದು ಕೂಲಂಬಿಗೂ 230 ಜೂಲ್. ಈ ಎರಡು ವಾಕ್ಯಗಳು ಮನಸ್ಸಿನಲ್ಲಿ ನಿಂತರೆ ಸಾಮರ್ಥ್ಯದ ಸೂತ್ರವನ್ನು ಬಾಯಿಪಾಠ ಮಾಡುವ ಅಗತ್ಯವೇ ಉಳಿಯುವುದಿಲ್ಲ. ಪ್ರತಿ ಕೂಲಂಬಿಗೆ ಇಷ್ಟು ಜೂಲ್, ಪ್ರತಿ ಸೆಕೆಂಡಿಗೆ ಇಷ್ಟು ಕೂಲಂಬ್. ಎರಡನ್ನೂ ಗುಣಿಸಿದರೆ ಪ್ರತಿ ಸೆಕೆಂಡಿಗೆ ಎಷ್ಟು ಜೂಲ್ ಎಂಬುದು ತಾನಾಗಿಯೇ ಬರುತ್ತದೆ, ಅದಕ್ಕೇ ವ್ಯಾಟ್ ಎಂದು ಹೆಸರು.

ಸಾಮರ್ಥ್ಯ = ವೋಲ್ಟೇಜ್ × ಪ್ರವಾಹ
ರೋಧ = ವೋಲ್ಟೇಜ್ ÷ ಪ್ರವಾಹ

ರೋಧವೆಂದರೆ ಒಂದು ಆಂಪಿಯರ್ ಪ್ರವಾಹವನ್ನು ಹರಿಸಲು ಎಷ್ಟು ವೋಲ್ಟ್ ಬೇಕಾಗುತ್ತದೆ ಎಂಬ ದರ, ಅದರ ಮಾನ ಓಮ್. ಆರಂಭದಲ್ಲಿ ಹೇಳಿದ ಎರಡು ಸೂತ್ರಗಳೂ ಈ ಎರಡರ ಸಂತಾನಗಳೇ. ಮೊದಲ ಸಾಲಿನಲ್ಲಿ ವೋಲ್ಟೇಜಿನ ಬದಲು 'ಪ್ರವಾಹ × ರೋಧ' ಎಂದು ಬರೆದರೆ ಒಂದು ಸೂತ್ರ ಹುಟ್ಟುತ್ತದೆ, ಪ್ರವಾಹದ ಬದಲು 'ವೋಲ್ಟೇಜ್ ÷ ರೋಧ' ಎಂದು ಬರೆದರೆ ಇನ್ನೊಂದು.

ಸ್ನಾನದ ನೀರು ಕಾಯಿಸಲು ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲನ್ನು ತೆಗೆದುಕೊಳ್ಳೋಣ. ಅದರ ಹಿಡಿಯ ಮೇಲೆ 230 ವೋಲ್ಟ್, 1500 ವ್ಯಾಟ್ ಎಂದು ಅಚ್ಚಾಗಿರುತ್ತದೆ. 1500ನ್ನು 230ರಿಂದ ಭಾಗಿಸಿದರೆ ಪ್ರವಾಹ ಸುಮಾರು 6.52 ಆಂಪಿಯರ್, 230ನ್ನು 6.52ರಿಂದ ಭಾಗಿಸಿದರೆ ರೋಧ ಸುಮಾರು 35.3 ಓಮ್. ಲೆಕ್ಕ ಇಲ್ಲಿಗೆ ಮುಗಿದಂತೆ ಕಂಡರೂ ಕಾಯಿಲಿನ ಮೇಲೆ ಬರೆದಿರುವ 1500 ಎಂಬುದು ಕಾಯಿಲಿನ ಜನ್ಮಜಾತ ಗುಣವಲ್ಲ ಎಂಬುದನ್ನು ಗಮನಿಸಬೇಕು. ಕಾಯಿಲಿನ ಸ್ವಂತ ಆಸ್ತಿ ಆ 35.3 ಓಮ್ ಮಾತ್ರ. 1500 ವ್ಯಾಟ್ ಎಂಬುದು 230 ವೋಲ್ಟ್ ಸಿಕ್ಕರೆ ಎಂಬ ಷರತ್ತಿನ ಮೇಲೆ ಕೊಟ್ಟ ಮಾತು. ಹಳ್ಳಿಯ ಕೊನೆಯ ಮನೆಯಲ್ಲಿ, ಟ್ರಾನ್ಸ್‌ಫಾರ್ಮರಿನಿಂದ ದೂರದಲ್ಲಿ, ಸಂಜೆ ಹೊತ್ತು ವೋಲ್ಟೇಜು 180ಕ್ಕೆ ಇಳಿದಿದೆ ಎನ್ನಿ. ರೋಧ ಹಾಗೆಯೇ ಇರುವುದರಿಂದ ಪ್ರವಾಹ 5.1 ಆಂಪಿಯರಿಗೆ ಇಳಿಯುತ್ತದೆ, ಸಾಮರ್ಥ್ಯ 180 × 5.1, ಅಂದರೆ ಸುಮಾರು 919 ವ್ಯಾಟಿಗೆ ಕುಸಿಯುತ್ತದೆ. ವೋಲ್ಟೇಜು ತಗ್ಗಿದ್ದು ನೂರಕ್ಕೆ 22ರಷ್ಟು, ಬಿಸಿ ತಗ್ಗಿದ್ದು ನೂರಕ್ಕೆ 39ರಷ್ಟು. ವೋಲ್ಟೇಜು ಕಡಿಮೆಯಾದಾಗ ಹರಿಯುವ ಕೂಲಂಬುಗಳೂ ಕಡಿಮೆಯಾಗುತ್ತವೆ, ಒಂದೊಂದು ಕೂಲಂಬು ತರುವ ಶಕ್ತಿಯೂ ಕಡಿಮೆಯಾಗುತ್ತದೆ; ಪೆಟ್ಟು ಎರಡು ಕಡೆಯಿಂದ ಬೀಳುವುದರಿಂದಲೇ ಸೂತ್ರದಲ್ಲಿ ವರ್ಗ ಬಂದು ಕೂರುತ್ತದೆ.

ಇಪ್ಪತ್ತು ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 16 ಲಕ್ಷ 74 ಸಾವಿರ ಜೂಲ್ ಬೇಕು, ಏಕೆಂದರೆ ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4186 ಜೂಲ್ ಹಿಡಿಯುತ್ತದೆ. ಪೂರ್ಣ ವೋಲ್ಟೇಜಿನಲ್ಲಿ ಈ ಕೆಲಸ ಹತ್ತೊಂಬತ್ತು ನಿಮಿಷದೊಳಗೆ ಮುಗಿಯುತ್ತದೆ, 180 ವೋಲ್ಟಿನಲ್ಲಿ ಅರ್ಧ ಗಂಟೆ ದಾಟುತ್ತದೆ. ವೋಲ್ಟೇಜು ಕಡಿಮೆಯಿದ್ದರೆ ಬಿಲ್ಲು ಕಡಿಮೆ ಬರುತ್ತದೆ ಎಂದು ಕೆಲವರೂ, ಹೆಚ್ಚು ಹೊತ್ತು ಹಾಕಿಟ್ಟಿದ್ದರಿಂದ ಹೆಚ್ಚು ಬರುತ್ತದೆ ಎಂದು ಇನ್ನು ಕೆಲವರೂ ವಾದಿಸುವುದನ್ನು ಕೇಳಿದ್ದೇನೆ. ಎರಡೂ ತಪ್ಪು. ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಸಾಮರ್ಥ್ಯ ಒಂದು ಗಂಟೆ ನಡೆದಾಗ ಖರ್ಚಾಗುವ ಶಕ್ತಿ, ಅಂದರೆ 36 ಲಕ್ಷ ಜೂಲ್. ಅದೇ ನೀರನ್ನು ಅಷ್ಟೇ ಬಿಸಿ ಮಾಡಿದರೆ ಎರಡೂ ಸಂದರ್ಭಗಳಲ್ಲಿ ಅರ್ಧ ಯೂನಿಟ್ಟಿಗಿಂತ ತುಸು ಕಡಿಮೆಯೇ ಖರ್ಚಾಗುತ್ತದೆ. ನಿಧಾನವಾಗಿ ಕಾಯುವಾಗ ಬಕೆಟ್ಟಿನಿಂದ ಗಾಳಿಗೆ ಸೋರಿಹೋಗುವ ಬಿಸಿಯಷ್ಟು ಮಾತ್ರ ಎರಡನೆಯ ಲೆಕ್ಕಕ್ಕೆ ಸೇರುತ್ತದೆ.

ಗುಣಾಕಾರಕ್ಕೂ ಭಾಗಾಕಾರಕ್ಕೂ ಇರುವ ಅಂತಸ್ತಿನ ವ್ಯತ್ಯಾಸವನ್ನು ಇಲ್ಲಿ ಹೇಳಲೇಬೇಕು. ಆ ಕ್ಷಣದ ವೋಲ್ಟೇಜನ್ನು ಆ ಕ್ಷಣದ ಪ್ರವಾಹದಿಂದ ಗುಣಿಸಿದರೆ ಆ ಕ್ಷಣದ ಸಾಮರ್ಥ್ಯ ಸಿಗುತ್ತದೆ ಎಂಬುದು ಯಾವ ಉಪಕರಣಕ್ಕಾದರೂ, ಯಾವ ವಸ್ತುವಿಗಾದರೂ ಸತ್ಯ. ಭಾಗಿಸಿದಾಗ ಬರುವ ರೋಧಕ್ಕೆ ಅಂಥ ಗ್ಯಾರಂಟಿ ಇಲ್ಲ. ಎರಡು ಅಳತೆಗಳನ್ನು ಭಾಗಿಸಿದರೆ ಯಾವುದೋ ಒಂದು ಸಂಖ್ಯೆ ಖಂಡಿತ ಬರುತ್ತದೆ, ಆದರೆ ವೋಲ್ಟೇಜು ಬದಲಾದಾಗಲೂ ಆ ಸಂಖ್ಯೆ ಹಾಗೆಯೇ ಉಳಿಯುತ್ತದೆಯೇ ಎಂಬುದು ವಸ್ತುವಿನ ಸ್ವಭಾವಕ್ಕೆ ಬಿಟ್ಟದ್ದು. ಹೀಟರಿನ ನೈಕ್ರೋಮ್ ತಂತಿ ಈ ವಿಷಯದಲ್ಲಿ ಸಾಧು ಸ್ವಭಾವದ್ದು. ಬಿಸಿಯಾದರೂ ಅದರ ರೋಧ ಸ್ವಲ್ಪವೇ ಏರುತ್ತದೆ. ಹಳೆಯ ಕಾಲದ ಟಂಗ್‌ಸ್ಟನ್ ತಂತಿಯ ಬಲ್ಬು ಹಾಗಲ್ಲ. 230 ವೋಲ್ಟಿನ 100 ವ್ಯಾಟ್ ಬಲ್ಬಿನ ರೋಧ ಲೆಕ್ಕದ ಪ್ರಕಾರ 529 ಓಮ್ ಇರಬೇಕು. ಅದನ್ನು ಹೋಲ್ಡರಿನಿಂದ ಬಿಚ್ಚಿ ತಣ್ಣಗಿರುವಾಗ ಮಲ್ಟಿಮೀಟರಿನಲ್ಲಿ ಅಳೆದರೆ ನಲವತ್ತರ ಆಸುಪಾಸಿನ ಓಮ್ ಕಾಣಿಸುತ್ತದೆ. ಆ ನಲವತ್ತನ್ನು ನಂಬಿ ಸಾಮರ್ಥ್ಯವನ್ನು ಲೆಕ್ಕ ಹಾಕಿದರೆ 1300 ವ್ಯಾಟ್ ದಾಟುತ್ತದೆ, ಅಷ್ಟು ಬೆಳಕು ಕೊಡುವ ಬಲ್ಬು ಯಾರ ಮನೆಯಲ್ಲೂ ಇರಲಿಲ್ಲ. ಮಲ್ಟಿಮೀಟರೂ ಸುಳ್ಳು ಹೇಳಿಲ್ಲ, ಲೆಕ್ಕವೂ ತಪ್ಪಿಲ್ಲ. ಉರಿಯುವಾಗ ತಂತಿಯ ತಾಪ ಎರಡು ಸಾವಿರದ ಐನೂರು ಡಿಗ್ರಿಯ ಸುತ್ತ ಮುಟ್ಟುತ್ತದೆ, ಆಗ ಅದರ ರೋಧ ಹತ್ತು ಪಟ್ಟಿಗೂ ಮೀರಿ ಏರಿರುತ್ತದೆ. ಸ್ವಿಚ್ ಹಾಕಿದ ಕ್ಷಣದಲ್ಲಿ ಆ 1300 ವ್ಯಾಟ್ ನಿಜವಾಗಿಯೂ ಹರಿಯುತ್ತದೆ, ಕಣ್ಣು ಮಿಟುಕಿಸುವುದರೊಳಗೆ ತಂತಿ ಕಾದು ಸಾಮರ್ಥ್ಯ ನೂರಕ್ಕೆ ಇಳಿಯುತ್ತದೆ. ಬಲ್ಬುಗಳು ಸಾಮಾನ್ಯವಾಗಿ ಸ್ವಿಚ್ ಹಾಕಿದ ಕ್ಷಣದಲ್ಲೇ ಠಪ್ಪೆಂದು ಹೋಗುತ್ತಿದ್ದದ್ದು ಇದರಿಂದಲೇ.

ಯಾವುದು ಬದಲಾಗದೆ ನಿಂತಿದೆ ಎಂಬ ಪ್ರಶ್ನೆ ಈ ನಿಯಮದ ಹುಟ್ಟಿನಲ್ಲೇ ಇತ್ತು. ಬವೇರಿಯಾದ ಎರ್ಲಾಂಗನ್ನಿನಲ್ಲಿ 1789ರಲ್ಲಿ ಹುಟ್ಟಿದ ಗಿಯೋರ್ಗ್ ಸೈಮನ್ ಓಮ್ ಕಲೋನ್ ನಗರದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು. ಬೇರೆಬೇರೆ ಉದ್ದದ ತಂತಿಗಳಲ್ಲಿ ಪ್ರವಾಹ ಹೇಗೆ ಬದಲಾಗುತ್ತದೆ ಎಂದು ಅಳೆಯಲು ಹೊರಟ ಅವನಿಗೆ ಅಂದಿನ ಬ್ಯಾಟರಿಗಳು ಅಡ್ಡಗಾಲಾದವು. ಪ್ರಯೋಗ ನಡೆಯುತ್ತಿರುವಾಗಲೇ ಅವುಗಳ ವೋಲ್ಟೇಜು ಕುಸಿಯುತ್ತಿತ್ತು, ಹೀಗಾಗಿ ಪ್ರವಾಹ ತಗ್ಗಿದ್ದು ತಂತಿಯಿಂದಲೋ ಬ್ಯಾಟರಿಯಿಂದಲೋ ಎಂದು ಹೇಳುವಂತಿರಲಿಲ್ಲ. ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಅವನು ಸೀಬೆಕ್ ಎಂಬ ಇನ್ನೊಬ್ಬ ವಿಜ್ಞಾನಿ ಕೆಲವೇ ವರ್ಷಗಳ ಹಿಂದೆ ಕಂಡುಹಿಡಿದಿದ್ದ ಉಷ್ಣಯುಗ್ಮದ (ತಾಪದ ವ್ಯತ್ಯಾಸದಿಂದ ವೋಲ್ಟೇಜು ಕೊಡುವ ಎರಡು ಲೋಹಗಳ ಜೋಡಿ) ಕಡೆಗೆ ತಿರುಗಿದನು. ಬಿಸ್ಮತ್ ಮತ್ತು ತಾಮ್ರಗಳನ್ನು ಜೋಡಿಸಿ, ಒಂದು ಕೂಡುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಕರಗುವ ಮಂಜಿನಲ್ಲೂ ಇಟ್ಟರೆ ಸಣ್ಣದಾದರೂ ಅಲುಗಾಡದ ವೋಲ್ಟೇಜು ದೊರೆಯುತ್ತದೆ, ಏಕೆಂದರೆ ನೀರು ಕುದಿಯುವ ತಾಪವೂ ಮಂಜು ಕರಗುವ ತಾಪವೂ ಬದಲಾಗುವುದಿಲ್ಲ. ವೋಲ್ಟೇಜನ್ನು ಹೀಗೆ ಕಟ್ಟಿಹಾಕಿದ ಮೇಲೆಯೇ ರೋಧ ಮತ್ತು ಪ್ರವಾಹಗಳ ನಂಟು ಸ್ಪಷ್ಟವಾಗಿ ಕಂಡದ್ದು. 1827ರಲ್ಲಿ ಪ್ರಕಟವಾದ ಅವನ ಗ್ರಂಥಕ್ಕೆ ತಾಯ್ನಾಡಿನಲ್ಲಿ ಮೊದಮೊದಲು ಮನ್ನಣೆ ಸಿಗಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕಾಪ್ಲಿ ಪದಕವನ್ನು ಕೊಟ್ಟಿತು.

ಮನೆಯ ಗೋಡೆಯ ಸಾಕೆಟ್ಟು ಓಮ್‌ನ ಕುದಿಯುವ ನೀರು ಮತ್ತು ಮಂಜಿನಂತೆಯೇ ವೋಲ್ಟೇಜನ್ನು ಹಿಡಿದಿಡುವ ಸಾಧನ. ಫ್ಯಾನು, ಬಲ್ಬು, ಹೀಟರುಗಳನ್ನು ಸಮಾಂತರವಾಗಿ, ಅಂದರೆ ಒಂದೊಂದನ್ನೂ ನೇರವಾಗಿ ಲೈನಿನ ಎರಡು ತಂತಿಗಳಿಗೆ, ಜೋಡಿಸಿರುವುದರಿಂದ ಎಲ್ಲಕ್ಕೂ ಹೆಚ್ಚುಕಡಿಮೆ ಅದೇ 230 ವೋಲ್ಟ್ ಸಿಗುತ್ತದೆ. ಇಲ್ಲಿ ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸುವ ಸೂತ್ರದಲ್ಲಿ ಯೋಚಿಸಬೇಕು: ಎರಡು ಸಾವಿರ ವ್ಯಾಟಿನ ಗೀಸರಿನ ಒಳಗಿರುವ ರೋಧ ಒಂದು ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯ ರೋಧದ ಅರ್ಧವಿರುತ್ತದೆ. ಹೆಚ್ಚು ಬಿಸಿ ಬೇಕೆಂದರೆ ಕಡಿಮೆ ರೋಧ.

ಈಗ ಅದೇ ಹೀಟರಿನ ಪ್ಲಗ್ಗನ್ನು ನೋಡೋಣ. ಸಾಕೆಟ್ಟಿನ ಹಿತ್ತಾಳೆಯ ಹಿಡಿತ ಸಡಿಲವಾಗಿ, ಪಿನ್ನು ಅರೆಬರೆ ತಾಗುತ್ತಿದೆ, ಆ ಜಾಗದಲ್ಲಿ 0.2 ಓಮಿನಷ್ಟು ರೋಧ ಹುಟ್ಟಿಕೊಂಡಿದೆ ಎನ್ನಿ. ಕೆಲವರು 230ರ ವರ್ಗವನ್ನು 0.2ರಿಂದ ಭಾಗಿಸಿ ಎರಡೂವರೆ ಲಕ್ಷ ವ್ಯಾಟ್ ಎಂದು ಹೇಳಿ ಗಾಬರಿ ಹುಟ್ಟಿಸುತ್ತಾರೆ. ಆ ಸಂಧಿಗೆ 230 ವೋಲ್ಟ್ ಬೀಳುತ್ತಲೇ ಇಲ್ಲ. ಅದು ಹೀಟರಿನ ಜೊತೆ ಸರಣಿಯಲ್ಲಿದೆ, ಅಂದರೆ ಎರಡೂ ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದಿವೆ. ಅದರ ಮೂಲಕ ಎಷ್ಟು ಪ್ರವಾಹ ಹರಿಯಬೇಕು ಎಂಬುದನ್ನು ಹೀಟರಿನ 35 ಓಮ್ ತೀರ್ಮಾನಿಸಿಬಿಟ್ಟಿದೆ. ಇಲ್ಲಿ ಬದಲಾಗದೆ ನಿಂತಿರುವುದು ಪ್ರವಾಹ, ಆದ್ದರಿಂದ ಯೋಚಿಸಬೇಕಾದದ್ದು ಪ್ರವಾಹದ ವರ್ಗದ ಸೂತ್ರದಲ್ಲಿ. 6.5 × 6.5 × 0.2 ಎಂದರೆ ಸುಮಾರು 8.5 ವ್ಯಾಟ್. ಕೇಳಲು ಅಲ್ಪ, ಆದರೆ ಬಟಾಣಿ ಕಾಳಿನಷ್ಟು ಜಾಗದಲ್ಲಿ ಎಂಟೂವರೆ ವ್ಯಾಟ್ ನಿರಂತರವಾಗಿ ಬಿಡುಗಡೆಯಾದರೆ ಪ್ಲಾಸ್ಟಿಕ್ಕು ಕಂದುತ್ತದೆ. ಅದೇ ಸಾಕೆಟ್ಟಿಗೆ 3000 ವ್ಯಾಟಿನ ಗೀಸರನ್ನು ಹಾಕಿದರೆ ಪ್ರವಾಹ ಎರಡು ಪಟ್ಟು, ಸಂಧಿಯ ಬಿಸಿ ನಾಲ್ಕು ಪಟ್ಟು, ಸುಮಾರು 34 ವ್ಯಾಟ್. ಕಾದ ಹಿತ್ತಾಳೆ ತನ್ನ ಬಿಗಿಯನ್ನು ಇನ್ನಷ್ಟು ಕಳೆದುಕೊಳ್ಳುತ್ತದೆ, ರೋಧ ಇನ್ನಷ್ಟು ಏರುತ್ತದೆ, ಬಿಸಿಯೂ ಏರುತ್ತದೆ. ಇಲ್ಲಿ ಹೆಚ್ಚು ರೋಧವೆಂದರೆ ಹೆಚ್ಚು ಬಿಸಿ. ಜೇಮ್ಸ್ ಪ್ರೆಸ್ಕಾಟ್ ಜೂಲ್ ಎಂಬ ಇಂಗ್ಲೆಂಡಿನ ಬಿಯರ್ ತಯಾರಕರ ಮನೆಯ ಹುಡುಗ 1840ರ ಆಸುಪಾಸಿನಲ್ಲಿ ನೀರಿನಲ್ಲಿ ಮುಳುಗಿಸಿದ ತಂತಿಯ ಬಿಸಿಯನ್ನು ಅಳೆದು ತೋರಿಸಿದ್ದು ಪ್ರವಾಹದ ವರ್ಗದ ಈ ನಿಯಮವನ್ನೇ.

ಎಕ್ಸ್‌ಟೆನ್ಷನ್ ವೈರಿನ ಕಥೆಯೂ ಇದೇ. ತಾಮ್ರದ ಒಂದು ಚದರ ಮಿಲಿಮೀಟರ್ ದಪ್ಪದ ತಂತಿಗೆ ಮೀಟರಿಗೆ ಸುಮಾರು 0.0172 ಓಮ್ ರೋಧವಿರುತ್ತದೆ. 0.75 ಚದರ ಮಿಲಿಮೀಟರಿನ ತೆಳು ವೈರನ್ನು 25 ಮೀಟರ್ ಎಳೆದರೆ, ಪ್ರವಾಹ ಹೋಗಿ ಹಿಂತಿರುಗಿ ಬರಬೇಕಾದ್ದರಿಂದ ಲೆಕ್ಕಕ್ಕೆ 50 ಮೀಟರ್ ಹಿಡಿಯಬೇಕು, ಆಗ ರೋಧ ಸುಮಾರು 1.15 ಓಮ್. ಹಿಂತಿರುಗುವ ದಾರಿಯನ್ನು ಮರೆಯುವುದು ಈ ಲೆಕ್ಕದಲ್ಲಿ ಎಲ್ಲರೂ ಮಾಡುವ ತಪ್ಪು. ಹೀಟರಿನ 35.3ಕ್ಕೆ ಇದು ಸೇರಿ ಪ್ರವಾಹ 6.3 ಆಂಪಿಯರಿಗೆ ಇಳಿಯುತ್ತದೆ, ವೈರಿನಲ್ಲೇ ಏಳು ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ, ಸುಮಾರು 46 ವ್ಯಾಟ್ ವೈರನ್ನು ಬಿಸಿ ಮಾಡಲು ವ್ಯಯವಾಗುತ್ತದೆ. ವೈರು ನೆಲದ ಮೇಲೆ ಹರಡಿಕೊಂಡಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ; ಸುರುಳಿ ಸುತ್ತಿ ಮೂಲೆಗೆ ಎಸೆದಿದ್ದರೆ ಹೋಗಲು ದಾರಿಯಿಲ್ಲದೆ ಒಳಗಿನ ಸುತ್ತುಗಳ ಹೊದಿಕೆ ಮೆತ್ತಗಾಗುತ್ತದೆ.

ಇದೇ ತರ್ಕವನ್ನು ಪರೀಕ್ಷಿಸಲು ಶಿಕ್ಷಕರು ಕೇಳುವ ಒಂದು ಹಳೆಯ ಪ್ರಶ್ನೆಯಿದೆ: 60 ವ್ಯಾಟ್ ಮತ್ತು 100 ವ್ಯಾಟಿನ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? ಮೊದಲನೆಯದರ ರೋಧ 882 ಓಮ್, ಎರಡನೆಯದರದ್ದು 529. ಒಟ್ಟು 1411 ಓಮಿನಲ್ಲಿ 0.163 ಆಂಪಿಯರ್ ಹರಿಯುತ್ತದೆ. ಎರಡರಲ್ಲೂ ಅದೇ ಪ್ರವಾಹವಾದ್ದರಿಂದ ಹೆಚ್ಚು ರೋಧದ 60 ವ್ಯಾಟಿನ ಬಲ್ಬಿಗೆ 23 ವ್ಯಾಟಿನಷ್ಟು, ನೂರರದ್ದಕ್ಕೆ 14 ವ್ಯಾಟಿನಷ್ಟು ಸಿಗುತ್ತದೆ. ಚಿಕ್ಕದೇ ಪ್ರಕಾಶಮಾನ. ಮಂದವಾಗಿ ಉರಿಯುವ ತಂತಿಗಳು ಅಷ್ಟು ಕಾಯದಿರುವುದರಿಂದ ನಿಜವಾದ ಅಂಕಿಗಳು ಇವುಗಳಿಂದ ಸ್ವಲ್ಪ ಸರಿಯುತ್ತವೆ, ಆದರೆ ಗೆಲ್ಲುವ ಬಲ್ಬು ಬದಲಾಗುವುದಿಲ್ಲ.

ಸಣ್ಣ ಮಂಡಲಗಳಲ್ಲಿ ಗುಣಾಕಾರ ಭಾಗಾಕಾರಗಳಿಗಿಂತ ಹೆಚ್ಚಾಗಿ ತೊಂದರೆ ಕೊಡುವುದು 'ಮಿಲಿ' ಮತ್ತು 'ಕಿಲೋ'ಗಳು. 9 ವೋಲ್ಟಿನ ಬ್ಯಾಟರಿಯಿಂದ ಒಂದು ಕೆಂಪು ಎಲ್‌ಇಡಿಯನ್ನು ಬೆಳಗಿಸಬೇಕು, ಅದಕ್ಕೆ 20 ಮಿಲಿಆಂಪಿಯರ್ ಸಾಕು. ಎಲ್‌ಇಡಿ ತಾನೇ ಸುಮಾರು 2 ವೋಲ್ಟನ್ನು ಹಿಡಿದುಕೊಳ್ಳುತ್ತದೆ, ಉಳಿದ 7 ವೋಲ್ಟನ್ನು ರೋಧಕವೊಂದು ಹೊರಬೇಕು. 7ನ್ನು 20ರಿಂದ ಭಾಗಿಸಿ 0.35 ಓಮ್ ಎಂದು ಬರೆದವನ ಎಲ್‌ಇಡಿ ಉಳಿಯುವುದಿಲ್ಲ. 20 ಮಿಲಿಆಂಪಿಯರನ್ನು 0.02 ಆಂಪಿಯರ್ ಮಾಡಿಕೊಂಡು ಭಾಗಿಸಿದರೆ 350 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 330 ಅಥವಾ 390. 390 ಹಾಕಿದರೆ ಪ್ರವಾಹ 18 ಮಿಲಿಆಂಪಿಯರ್, ರೋಧಕದ ಮೇಲಿನ ಸಾಮರ್ಥ್ಯ 7 × 0.018, ಅಂದರೆ 0.126 ವ್ಯಾಟ್. ಕಾಲು ವ್ಯಾಟಿನ ರೋಧಕ ಇದನ್ನು ನೆಮ್ಮದಿಯಿಂದ ತಾಳುತ್ತದೆ. ಎಲ್‌ಇಡಿಯ ರೋಧ ಎಷ್ಟು ಎಂದು ಕೇಳುವುದು ಮಾತ್ರ ವ್ಯರ್ಥ. ಪ್ರವಾಹ ದುಪ್ಪಟ್ಟಾದರೂ ಅದರ ವೋಲ್ಟೇಜು ಹೆಚ್ಚು ಏರುವುದಿಲ್ಲ, ಹಾಗಾಗಿ ಭಾಗಿಸಿದಾಗಲೆಲ್ಲ ಬೇರೆ ಉತ್ತರ ಬರುತ್ತದೆ.

ಮೋಟರಿಗೆ ಬಂದಾಗ ಲೆಕ್ಕದ ಸ್ವರೂಪವೇ ಬದಲಾಗುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಪಠ್ಯಪುಸ್ತಕಗಳು ಇನ್ನಷ್ಟು ಪುಟಗಳನ್ನು ಕೊಡಬೇಕಾದದ್ದು ಇಲ್ಲಿಯೇ. ಬಾವಿಯ ಮೇಲಿನ ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟರು 230 ವೋಲ್ಟಿನಲ್ಲಿ 7 ಆಂಪಿಯರ್ ಎಳೆಯುತ್ತಿದೆ ಎನ್ನಿ. ಭಾಗಿಸಿದರೆ 33 ಓಮ್. ಬಂದ್ ಮಾಡಿ ಸುರುಳಿಯನ್ನು ಅಳೆದರೆ ಕೆಲವೇ ಓಮ್. ತಿರುಗುವ ಮೋಟರು ತಾನೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿ ಪ್ರವಾಹವನ್ನು ತಡೆಯುತ್ತದೆ, ಹೀಗಾಗಿ ಆ 33 ಓಮಿನ ಬಹುಪಾಲು ತಂತಿಯ ರೋಧವಲ್ಲ. ಗುಣಿಸಿದರೆ ಬರುವ 1610 ಕೂಡ ನಿಜವಾದ ವ್ಯಾಟ್ ಅಲ್ಲ. ಸೆಕೆಂಡಿಗೆ 50 ಸಲ ಆವರ್ತಿಸುವ ನಮ್ಮ ಪೂರೈಕೆಯಲ್ಲಿ ಮೋಟರಿನ ಪ್ರವಾಹವು ವೋಲ್ಟೇಜಿಗಿಂತ ತುಸು ಹಿಂದೆ ಬೀಳುತ್ತದೆ, ಎರಡೂ ಒಟ್ಟಿಗೆ ಶಿಖರ ಮುಟ್ಟುವುದಿಲ್ಲ. ಕ್ಷಣಕ್ಷಣದ ಗುಣಲಬ್ಧಗಳ ಸರಾಸರಿ ತೆಗೆದರೆ 1610ರ ಒಂದು ಭಾಗ ಮಾತ್ರ ಸಿಗುತ್ತದೆ. ಆ ಭಾಗಕ್ಕೆ ಪವರ್ ಫ್ಯಾಕ್ಟರ್ ಎನ್ನುತ್ತಾರೆ. ಅದು 0.7 ಆಗಿದ್ದರೆ ಮೋಟರು ನಿಜವಾಗಿ ಉಣ್ಣುವುದು 1127 ವ್ಯಾಟ್, ಅದರಲ್ಲಿ ಒಂದು ಎಚ್‌ಪಿ, ಅಂದರೆ 746 ವ್ಯಾಟ್, ನೀರೆತ್ತಲು ಹೋಗುತ್ತದೆ.

ವೋಲ್ಟೇಜು ಕುಸಿದಾಗ ಹೀಟರು ತಣ್ಣಗಾಗುತ್ತದೆ ಎಂದು ಮೇಲೆ ಕಂಡೆವು. ಮೋಟರು ಸುಡುತ್ತದೆ. ಪಂಪಿಗೆ ಬೇಕಾದ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಮೋಟರು ಅದನ್ನು ಪೂರೈಸಲೇಬೇಕು. ಇಲ್ಲಿ ಬದಲಾಗದೆ ನಿಂತಿರುವುದು ವೋಲ್ಟೇಜೂ ಅಲ್ಲ, ಪ್ರವಾಹವೂ ಅಲ್ಲ, ಸಾಮರ್ಥ್ಯ. ಐದು ಎಚ್‌ಪಿಯ ತ್ರೀ ಫೇಸ್ ಮೋಟರಿಗೆ, ಅದರ ದಕ್ಷತೆ ನೂರಕ್ಕೆ 80, ಪವರ್ ಫ್ಯಾಕ್ಟರ್ 0.85 ಎಂದು ಹಿಡಿದರೆ, 415 ವೋಲ್ಟಿನಲ್ಲಿ ಒಂದೊಂದು ಫೇಸಿನಲ್ಲೂ ಸುಮಾರು 7.6 ಆಂಪಿಯರ್ ಬೇಕು. (ತ್ರೀ ಫೇಸಿನಲ್ಲಿ ವೋಲ್ಟೇಜು, ಪ್ರವಾಹ, ಪವರ್ ಫ್ಯಾಕ್ಟರುಗಳ ಗುಣಲಬ್ಧವನ್ನು 1.732ರಿಂದಲೂ ಗುಣಿಸಬೇಕು.) ವೋಲ್ಟೇಜು 332ಕ್ಕೆ ಬಿದ್ದರೆ ಅದೇ ಕೆಲಸಕ್ಕೆ ಪ್ರವಾಹ 9.5 ಆಂಪಿಯರಿಗೆ ಏರುತ್ತದೆ. ಸುರುಳಿಯ ರೋಧ ಬದಲಾಗಿಲ್ಲ, ಪ್ರವಾಹ ಒಂದೂಕಾಲು ಪಟ್ಟಾಗಿದೆ, ಅದರ ವರ್ಗ ಒಂದೂವರೆ ಪಟ್ಟನ್ನು ಮೀರುತ್ತದೆ. ಸುರುಳಿಯೊಳಗಿನ ಬಿಸಿ ನೂರಕ್ಕೆ 56ರಷ್ಟು ಹೆಚ್ಚುತ್ತದೆ. ಬೇಸಿಗೆಯಲ್ಲಿ ಎಲ್ಲರ ಪಂಪುಗಳೂ ಒಟ್ಟಿಗೆ ಚಾಲೂ ಆಗಿ ಲೈನಿನ ವೋಲ್ಟೇಜು ಕುಸಿದ ದಿನಗಳಲ್ಲಿ ರಿವೈಂಡಿಂಗ್ ಅಂಗಡಿಗಳ ಮುಂದೆ ಮೋಟರುಗಳು ಸಾಲುಗಟ್ಟುವುದಕ್ಕೆ ಕಾರಣ ಈ ವರ್ಗವೇ. ಪ್ರವಾಹ ಮಿತಿ ಮೀರಿದಾಗ ಮೋಟರನ್ನು ನಿಲ್ಲಿಸುವ ಸ್ಟಾರ್ಟರಿನ ಓವರ್‌ಲೋಡ್ ರಿಲೇ ಟ್ರಿಪ್ ಆಗುತ್ತಿದೆ ಎಂದು ಅದರ ತಿರುಪನ್ನು ಮೇಲಕ್ಕೆ ತಿರುಗಿಸುವ ರೈತರು ಮೋಟರನ್ನು ಉಳಿಸುತ್ತಿದ್ದ ಒಂದೇ ಕಾವಲುಗಾರನನ್ನು ಮಲಗಿಸಿದಂತೆ.

ಸಾಮರ್ಥ್ಯ ನಿಶ್ಚಿತವಾಗಿರುವ ಇನ್ನೊಂದು ಸಂದರ್ಭ ದೂರದ ಸಾಗಣೆ, ಅದರ ದೊಡ್ಡ ಉದಾಹರಣೆ ನಮ್ಮಲ್ಲೇ ಇದೆ. ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆ ಆರಂಭವಾದಾಗ ಆ ವಿದ್ಯುತ್ತು ಹೋಗಬೇಕಾಗಿದ್ದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿದದ್ದು ಇನ್ನೂ ಮೂರು ವರ್ಷ ಕಳೆದ ಮೇಲೆ, 1905ರಲ್ಲಿ. ಅಷ್ಟು ಉದ್ದದ ತಂತಿಯ ರೋಧವನ್ನು ತಪ್ಪಿಸುವಂತಿಲ್ಲ. ಲೆಕ್ಕವನ್ನು ಸರಳಗೊಳಿಸಲು ಎರಡು ತಂತಿಯ ಲೈನೊಂದನ್ನು ಕಲ್ಪಿಸಿಕೊಂಡು ಅದರ ಒಟ್ಟು ರೋಧ 10 ಓಮ್, ಕಳಿಸಬೇಕಾದ ಸಾಮರ್ಥ್ಯ 1000 ಕಿಲೋವ್ಯಾಟ್ ಎಂದುಕೊಳ್ಳೋಣ. 3000 ವೋಲ್ಟಿನಲ್ಲಿ ಕಳಿಸಲು ಹೊರಟರೆ ಪ್ರವಾಹ 333 ಆಂಪಿಯರ್. ಅದರ ವರ್ಗವನ್ನು ಹತ್ತರಿಂದ ಗುಣಿಸಿದರೆ ತಂತಿಯಲ್ಲಿ ಆಗುವ ನಷ್ಟ 1100 ಕಿಲೋವ್ಯಾಟ್ ದಾಟುತ್ತದೆ, ಅಂದರೆ ಕಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು, ಅಂಥ ಲೈನು ಅಸಾಧ್ಯ. 30,000 ವೋಲ್ಟಿಗೆ ಏರಿಸಿದರೆ ಪ್ರವಾಹ 33.3 ಆಂಪಿಯರ್, ನಷ್ಟ 11 ಕಿಲೋವ್ಯಾಟ್. ವೋಲ್ಟೇಜು ಹತ್ತು ಪಟ್ಟಾದರೆ ನಷ್ಟ ನೂರರಲ್ಲಿ ಒಂದು ಪಾಲು. ಕಾವೇರಿಯಿಂದ ಗಣಿಯವರೆಗೆ ಹತ್ತಾರು ಸಾವಿರ ವೋಲ್ಟಿನ ಲೈನನ್ನು ಎಳೆದದ್ದು ಈ ಲೆಕ್ಕಕ್ಕಾಗಿ.

ಅಳತೆಯ ವಿಷಯದಲ್ಲಿ ಎರಡು ಮಾತು ಸಾಕು. ವೋಲ್ಟ್‌ಮೀಟರನ್ನು ಉಪಕರಣದ ಎರಡು ತುದಿಗಳಿಗೆ ಅಡ್ಡಲಾಗಿ ಹಿಡಿಯಬೇಕು, ಪ್ರವಾಹ ಅಳೆಯುವ ಆಮ್ಮೀಟರನ್ನು ದಾರಿಯನ್ನು ಕತ್ತರಿಸಿ ನಡುವೆ ಸೇರಿಸಬೇಕು. ಆಮ್ಮೀಟರಿನ ಒಳರೋಧ ಅತ್ಯಲ್ಪವಾದ್ದರಿಂದ ಅದನ್ನು ಸಾಕೆಟ್ಟಿಗೆ ನೇರವಾಗಿ ಚುಚ್ಚಿದರೆ ಶಾರ್ಟ್ ಸರ್ಕ್ಯೂಟೇ ಆಗುತ್ತದೆ. ಅಭ್ಯಾಸವನ್ನು ಬ್ಯಾಟರಿಯ ಮೇಲೆ ಮಾಡಬೇಕು, ಮನೆಯ ಲೈನಿನ ಮೇಲಲ್ಲ. ಒದ್ದೆ ಮೈಯ ರೋಧ ಸಾವಿರ ಓಮಿನ ಸುತ್ತ ಇಳಿಯಬಹುದು, ಆಗ 230 ವೋಲ್ಟಿಗೆ 0.23 ಆಂಪಿಯರ್ ಮೈಯಲ್ಲಿ ಹರಿಯುತ್ತದೆ. ಜೀವ ತೆಗೆಯಲು ಅದು ಸಾಕು, ಪ್ರವಾಹ ಮಿತಿ ಮೀರಿದರೆ ತಾನೇ ಬೀಳುವ 16 ಆಂಪಿಯರಿನ ಎಂಸಿಬಿ ಸ್ವಿಚ್ಚು ಅದನ್ನು ಗಮನಿಸುವುದೂ ಇಲ್ಲ. ಅದಕ್ಕೆಂದೇ 0.03 ಆಂಪಿಯರ್ ಸೋರಿದರೂ ಬೀಳುವ ಆರ್‌ಸಿಸಿಬಿ ಎಂಬ ಸುರಕ್ಷಾ ಸ್ವಿಚ್ಚು ಬೇರೆಯಾಗಿ ಬೇಕು.

ತಂತಿಯನ್ನು ಮುಟ್ಟದೆ ಅಳೆಯುವ ಉಪಾಯವೊಂದು ಗೋಡೆಯ ಮೇಲೆಯೇ ಇದೆ. ಎಲೆಕ್ಟ್ರಾನಿಕ್ ಮೀಟರಿನ ಮುಖದಲ್ಲಿ ಮಿನುಗುವ ಒಂದು ಕೆಂಪು ದೀಪವಿರುತ್ತದೆ, ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಅದು 3200 ಎಂದಿದ್ದರೆ, 36 ಲಕ್ಷ ಜೂಲನ್ನು 3200ರಿಂದ ಭಾಗಿಸಿ, ಒಂದು ಮಿನುಗಿಗೆ 1125 ಜೂಲ್ ಎಂದು ಬರೆದುಕೊಳ್ಳಬಹುದು. ಮನೆಯ ಉಳಿದೆಲ್ಲವನ್ನೂ ಆರಿಸಿ ಆ 1500 ವ್ಯಾಟಿನ ಕಾಯಿಲೊಂದನ್ನೇ ಹಾಕಿ ಗಡಿಯಾರ ಹಿಡಿದು ಎಣಿಸಿದರೆ, ಪೂರ್ಣ ವೋಲ್ಟೇಜು ಇರುವಾಗ ನಿಮಿಷಕ್ಕೆ 80 ಮಿನುಗು ಬರಬೇಕು. 70 ಮಾತ್ರ ಬಂದವು ಎನ್ನಿ. 70 × 1125 ÷ 60 ಎಂದರೆ 1312 ವ್ಯಾಟ್. ಕಾಯಿಲಿನ ರೋಧ 35.3 ಓಮ್ ಎಂದು ಮೊದಲೇ ಗೊತ್ತಿದೆ, ತಯಾರಿಕೆಯಲ್ಲಿ ನಾಲ್ಕಾರು ಶೇಕಡ ಹೆಚ್ಚುಕಡಿಮೆ ಇದ್ದೀತು. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 215. ಆ ಹೊತ್ತಿನಲ್ಲಿ ಮನೆಗೆ ಬರುತ್ತಿರುವ ವೋಲ್ಟೇಜು ಅಷ್ಟು, ಕಾಯಿಲಿನಲ್ಲಿ ಹರಿಯುತ್ತಿರುವುದು 6.1 ಆಂಪಿಯರ್.